ಮಗುವನ್ನು ಮಾತಾಡಿಸಿದವರು

ಸಾವಾದ ಮನೆಗೆ ಹೋಗಿ ಬರುವುದಕ್ಕೆ ನಮ್ಮ ಕಡೆ ‘ಮಾತಾಡಿಸಿಕೊಂಡು ಬರುವುದು’ ಅನ್ನುತ್ತಾರೆ. ಮದುವೆ, ಮುಂಜಿ ತಪ್ಪಿದರೂ ನಡೆದೀತು, ಇದೊಂದನ್ನು ತಪ್ಪಿಸಬಾರದು ಎಂದು ಅಮ್ಮ ಹೇಳುತ್ತಿದ್ದಳು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವಳ ಸೆರಗು ಹಿಡಿದುಕೊಂಡು ಅಂಥದ್ದೊಂದು ಮನೆಗೆ ಹೋಗಿದ್ದೆ. ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಹುಡುಗನ ಅಪ್ಪ ಲಾರಿಗೆ ಸಿಕ್ಕಿ ತೀರಿಕೊಂಡಿದ್ದರು. ನಡುಮನೆಯಲ್ಲಿ ಹೆಂಗಸರೆಲ್ಲ ಅವನ ಅಮ್ಮನನ್ನು ಸುತ್ತುವರಿದು ಕೂತಿದ್ದರು. ಗಂಡಸರು ಜಗಲಿಯಲ್ಲಿ ತಗ್ಗಿದ ದನಿಯಲ್ಲಿ ಇನ್ಶೂರೆನ್ಸು, ಪೊಲೀಸ್ ಸ್ಟೇಷನ್ನು ಎಂದು ಏನೇನೋ ಮಾತಾಡುತ್ತಿದ್ದರು. ಅವನು ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಕೂತು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದು ಕೆರೆದು ಉದುರಿಸುತ್ತಿದ್ದ. ಬಂದವರಲ್ಲಿ ಒಬ್ಬರು ಅವನ ತಲೆ ಸವರಿ, ‘ಅಳಬಾರದು ಮಗಾ, ಇನ್ಮೇಲೆ ಮನೆಗೆ ನೀನೇ ಗಂಡಸು. ಅಮ್ಮನ್ನ ನೀನೇ ನೋಡ್ಕೋಬೇಕು’ ಅಂದರು. ಅವನಿಗೆ ಒಂಬತ್ತು ವರ್ಷ. ತಲೆಯಾಡಿಸಿದ. ಮತ್ತೆ ಸುಣ್ಣ ಕೆರೆಯತೊಡಗಿದ.

ಹದಿನೈದು ದಿನ ಕಳೆದು ಅವನು ಬೋಳುತಲೆಯಲ್ಲಿ ಶಾಲೆಗೆ ಬಂದ. ಹಿಂದಿನ ದಿನವೇ ಮೇಷ್ಟ್ರು ನಮಗೆಲ್ಲ, ‘ಅವನ ಹತ್ರ ಯಾರೂ ಅಪ್ಪನ ವಿಷಯ ಎತ್ತಬೇಡಿ’ ಎಂದು ಹೇಳಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾವು ಎತ್ತಲಿಲ್ಲ. ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತೆವು, ಒಂದು ದಿನವೂ ಎತ್ತಲಿಲ್ಲ. ಇಡೀ ಊರು ಆ ಮನೆಯವರನ್ನು ಮಾತಾಡಿಸಿಕೊಂಡು ಬಂದಿತ್ತು. ಅವನೊಬ್ಬನನ್ನು ಮಾತ್ರ ಯಾರೂ ಮಾತಾಡಿಸಿರಲಿಲ್ಲ. ಇದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಜಪಾನಿನ ‘ಅಶಿನಾಗಾ’ ಎಂಬ ಸಂಸ್ಥೆಯ ಬಗ್ಗೆ ಓದುವಾಗ. ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳಿಗಾಗಿ ಇರುವ ಸಂಸ್ಥೆ ಅದು. ಅದನ್ನು ಕಟ್ಟಿದವರು ಯಾರು ಎಂದು ಹುಡುಕುತ್ತ ಹೋದರೆ ಮೊದಲು ಸಿಗುವುದು ಎರಡು ಸಾವು.

ಒಂದು, 1961ರದು. ಒಕಾಜಿಮಾ ನೊಬುಹರು ಎಂಬ ಯುವಕನನ್ನು ತಾಯಿಯಂತೆ ಸಾಕಿದ್ದ ಅಕ್ಕ ರಸ್ತೆ ಅಪಘಾತದಲ್ಲಿ ತೀರಿಕೊಂಡಳು. ಅವರು ಸಿಟ್ಟನ್ನೂ ಸಂಕಟವನ್ನೂ ಪತ್ರಿಕೆಗೆ ಬರೆದರು. ಇನ್ನೊಂದರ ಶುರು, 1963ರ ಡಿಸೆಂಬರಿನಲ್ಲಿ. ತಮಾಯಿ ಯೊಶಿಯೊಮಿ ಎಂಬ 28 ವರ್ಷದ ಬರಹಗಾರರ ತಾಯಿಗೆ ಕಾರು ಬಡಿಯಿತು. ತಿಂಗಳಿಗೂ ಹೆಚ್ಚು ಕಾಲ ಪ್ರಜ್ಞೆಯಿಲ್ಲದೆ ಮಲಗಿದ್ದ ಆಕೆ ಕೊನೆಗೂ ಏಳಲಿಲ್ಲ. ತಮಾಯಿ ಅರ್ಥಶಾಸ್ತ್ರ ಓದಿದವರು, ಹಣಕಾಸಿನ ವಿಷಯ ಬರೆದು ಬದುಕುತ್ತಿದ್ದವರು. ಅಮ್ಮನ ಹಾಸಿಗೆಯ ಪಕ್ಕ ಕೂತ ಆ ದಿನಗಳ ನಂತರ ಅವರ ಲೇಖನಿ ಬೇರೆ ದಾರಿ ಹಿಡಿಯಿತು. ರಸ್ತೆಯಲ್ಲಿ ಸತ್ತವರ ಮನೆಗೆ ಸಿಗುವ ಪರಿಹಾರ ಎಷ್ಟು ಕಡಿಮೆ, ಆ ಮನೆಯ ಮಕ್ಕಳ ಗತಿ ಏನಾಗುತ್ತದೆ ಎಂದು ಬರೆಯತೊಡಗಿದರು, ಟಿವಿಯಲ್ಲಿ ಮಾತಾಡತೊಡಗಿದರು.

ಆ ಕಾಲದ ಜಪಾನನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಯುದ್ಧದಲ್ಲಿ ಸೋತು ಬೂದಿಯಾಗಿದ್ದ ದೇಶ ಕಾರು ತಯಾರಿಸಿ ಶ್ರೀಮಂತವಾಗುತ್ತಿತ್ತು. ಅದೇ ಕಾರುಗಳು ಇಕ್ಕಟ್ಟಾದ ಬೀದಿಗಳಲ್ಲಿ ಜನರನ್ನು ಕೊಲ್ಲುತ್ತಿದ್ದವು. 1970ರ ಒಂದೇ ವರ್ಷದಲ್ಲಿ 16,765 ಮಂದಿ ರಸ್ತೆಯಲ್ಲಿ ಸತ್ತರು. ಸತ್ತವರಲ್ಲಿ ದುಡಿಯುವ ಗಂಡಸರು ಅನೇಕರು. ಮನೆಯಲ್ಲಿ ಉಳಿದ ತಾಯಂದಿರು ಸಿಕ್ಕಿದ ಕೂಲಿ ಮಾಡಿ ಮಕ್ಕಳನ್ನು ಸಾಕಬೇಕಿತ್ತು, ಹೈಸ್ಕೂಲು ಅನೇಕ ಮಕ್ಕಳಿಗೆ ಕೈಗೆಟುಕದ ಮಾತಾಗಿತ್ತು. 1967ರಲ್ಲಿ ಒಕಾಜಿಮಾ ಗೆಳೆಯರ ಜೊತೆ ಸೇರಿ ಇಂಥ ಮಕ್ಕಳಿಗೆ ಧೈರ್ಯ ಹೇಳುವ ಒಂದು ಸಂಘ ಕಟ್ಟಿ, ಡಬ್ಬಿ ಹಿಡಿದು ಟೋಕಿಯೋದ ರೈಲು ನಿಲ್ದಾಣದ ಮುಂದೆ ನಿಂತರು. ತಮಾಯಿ ಅವರ ಜೊತೆಗೂಡಿದರು. ಮರುವರ್ಷ ಟಿವಿಯ ಮಧ್ಯಾಹ್ನದ ಕಾರ್ಯಕ್ರಮವೊಂದರಲ್ಲಿ ಹತ್ತು ವರ್ಷದ ಹುಡುಗನೊಬ್ಬ ಸತ್ತ ತನ್ನ ಅಪ್ಪನಿಗೆ ಬರೆದ ಪ್ರಬಂಧ ಓದಿದ. ಸ್ಟುಡಿಯೋದಲ್ಲಿದ್ದವರು ಅತ್ತರು, ದೇಶದ ಮನೆಮನೆಗಳಲ್ಲಿ ನೋಡುತ್ತಿದ್ದವರು ಅತ್ತರು. ಒಂದು ಮಗು ತನ್ನ ಬಾಯಿಂದಲೇ ಹೇಳಿದಾಗ ದೇಶಕ್ಕೆ ಕೇಳಿಸಿತು. 1969ರಲ್ಲಿ ರಸ್ತೆ ಅಪಘಾತದಿಂದ ಅನಾಥರಾದ ಮಕ್ಕಳ ವಿದ್ಯಾರ್ಥಿವೇತನ ಸಂಸ್ಥೆ ಹುಟ್ಟಿತು.

ಆಮೇಲೆ ನಡೆದದ್ದನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಆ ಹಣದಲ್ಲಿ ಓದಿ ಕಾಲೇಜು ಸೇರಿದ ಹುಡುಗ ಹುಡುಗಿಯರು 1980ರ ದಶಕದಲ್ಲಿ ತಾವೇ ಒಂದು ಪ್ರಶ್ನೆ ಎತ್ತಿದರು: ನಮ್ಮ ಅಪ್ಪಂದಿರು ಕಾರಿಗೆ ಸಿಕ್ಕಿ ಸತ್ತರೆಂದು ನಮಗೆ ನೆರವು ಸಿಕ್ಕಿತು. ಪ್ರವಾಹದಲ್ಲಿ, ಕಾಯಿಲೆಯಲ್ಲಿ ಅಪ್ಪನನ್ನು ಕಳೆದುಕೊಂಡ ಪಕ್ಕದ ಮನೆಯ ಹುಡುಗಿಗೆ ಯಾಕೆ ಸಿಗಬಾರದು? ಅವರೇ ಬೀದಿಗಿಳಿದು ಆ ಮಕ್ಕಳಿಗಾಗಿ ಡಬ್ಬಿ ಹಿಡಿದರು. ಹಾಗೆ ಬೆಳೆದ ಕವಲುಗಳು ಒಂದಾಗಿ 1993ರಲ್ಲಿ ‘ಅಶಿನಾಗಾ’ ಎಂಬ ಹೆಸರು ಪಡೆದವು. ಜಪಾನಿ ಭಾಷೆಯಲ್ಲಿ ಅದರ ಅರ್ಥ ಉದ್ದಕಾಲು. ಜೀನ್ ವೆಬ್‌ಸ್ಟರ್ 1912ರಲ್ಲಿ ಬರೆದ ‘ಡ್ಯಾಡಿ ಲಾಂಗ್ ಲೆಗ್ಸ್’ ಕಾದಂಬರಿಯಲ್ಲಿ ಅನಾಥ ಹುಡುಗಿಯೊಬ್ಬಳನ್ನು ಹೆಸರು ಹೇಳಿಕೊಳ್ಳದ ಪುಣ್ಯಾತ್ಮನೊಬ್ಬ ಓದಿಸುತ್ತಾನಲ್ಲ, ಹೆಸರು ಬಂದದ್ದು ಅಲ್ಲಿಂದ. ತಿಂಗಳು ತಿಂಗಳು ಹಣ ಕಳಿಸಿ ತೆರೆಮರೆಯಲ್ಲೇ ಉಳಿಯುವ ದಾನಿಗಳನ್ನು ಅಲ್ಲಿ ‘ಅಶಿನಾಗಾ ಸಾನ್’ ಎಂದೇ ಕರೆಯುತ್ತಾರೆ.

ಇಲ್ಲಿಯವರೆಗಿನದು ಹಣದ ಕತೆ. ಹಣ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಣದಿಂದ ತೀರದ್ದು ಏನೋ ಇದೆ ಎಂದು ಅವರಿಗೆ ಗೊತ್ತಾದದ್ದು ಕೋಬೆ ನಗರದಲ್ಲಿ.

1995ರ ಜನವರಿ 17, ಬೆಳಗಿನ 5 ಗಂಟೆ 46 ನಿಮಿಷ. ಜನ ಇನ್ನೂ ಹಾಸಿಗೆಯಲ್ಲಿದ್ದಾಗ ಭೂಮಿ ನಡುಗಿತು. 6,434 ಮಂದಿ ಸತ್ತರು. ಅಶಿನಾಗಾದ ಸಿಬ್ಬಂದಿಯೂ ಅದರ ನೆರವಿನಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳೂ ಕೋಬೆಗೆ ಹೋದರು. ಯಾವ ಮನೆಯಲ್ಲಿ ಮಗು ಉಳಿದಿದೆ ಎಂಬ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಪತ್ರಿಕೆಯಲ್ಲಿ ಬಂದ ಸತ್ತವರ ಹೆಸರುಗಳನ್ನು ಹಿಡಿದು, ಬಿದ್ದ ಮನೆಗಳ ನಡುವೆ, ಆಶ್ರಯ ಶಿಬಿರಗಳಲ್ಲಿ ಒಂದೊಂದೇ ವಿಳಾಸ ಕೇಳುತ್ತ ನಡೆದರು. ಹಾಗೆ ನಡೆದು ನಡೆದು ಅವರು ಪತ್ತೆ ಮಾಡಿದ ಮಕ್ಕಳು 573. ಆ ವಿದ್ಯಾರ್ಥಿಗಳಿಗೆ ಇಪ್ಪತ್ತು, ಇಪ್ಪತ್ತೊಂದು ವಯಸ್ಸು. ತಮ್ಮದೇ ಮನೆಯ ಸಾವನ್ನು ಎದೆಯಲ್ಲಿಟ್ಟುಕೊಂಡು ಇನ್ನೊಂದು ಸಾವಿನ ಮನೆಯನ್ನು ಹುಡುಕಿಕೊಂಡು ಹೋದವರು.

ಆ ಬೇಸಿಗೆಯಲ್ಲಿ ಮಕ್ಕಳನ್ನು ಸಮುದ್ರ ದಂಡೆಗೆ ಕರೆದುಕೊಂಡು ಹೋದರು. ಆಟ ಆಯಿತು, ಈಜಾಯಿತು. ಚಿತ್ರ ಬರೆಯಲು ಕಾಗದ, ಬಣ್ಣ ಕೊಟ್ಟರು. ಹತ್ತು ವರ್ಷದ ಹುಡುಗನೊಬ್ಬ ಮಳೆಬಿಲ್ಲು ಬರೆದ. ಅದು ಕಪ್ಪು ಮಳೆಬಿಲ್ಲು. ಕುಸಿದ ಮನೆಯ ಅಡಿಯಲ್ಲಿ ಅವನು ಅಪ್ಪನನ್ನೂ ತಂಗಿಯನ್ನೂ ಕಳೆದುಕೊಂಡಿದ್ದ. ಹಗಲೆಲ್ಲ ಎಲ್ಲರ ಜೊತೆ ಆಡಿಕೊಂಡೇ ಇದ್ದ ಹುಡುಗ. ದೊಡ್ಡವರು ಆ ಚಿತ್ರವನ್ನು ನೋಡಿ ಸುಮ್ಮನಾದರು. ವಿದ್ಯಾರ್ಥಿವೇತನದ ಯಾವ ಚೆಕ್ಕಿನಿಂದಲೂ ಆ ಕಪ್ಪನ್ನು ಅಳಿಸಲಾಗದು ಎಂದು ಅವತ್ತು ಅವರಿಗೆ ಅರಿವಾಯಿತು. ಹಾಗಾದರೆ ಏನು ಮಾಡಬೇಕು? ಅದನ್ನು ಕಲಿಯಲು ಅವರು ಹೋದದ್ದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ, ‘ಡಗಿ ಸೆಂಟರ್’ ಎಂಬ ಮನೆಗೆ.

ಆ ಮನೆಗೆ ಹೆಸರು ಕೊಟ್ಟವನೂ ಒಬ್ಬ ಹುಡುಗನೇ. ಡಗಿ ಟರ್ನೋನ ಮೆದುಳಿನಲ್ಲಿ ಗಡ್ಡೆ ಬೆಳೆದಿತ್ತು. ಒಂಬತ್ತನೇ ವಯಸ್ಸಿನಲ್ಲಿ ಅವನು, ಸಾಯುತ್ತಿರುವವರ ಮನಸ್ಸಿನ ಬಗ್ಗೆ ಜಗತ್ತೆಲ್ಲ ಓದಿದ ಪುಸ್ತಕ ಬರೆದಿದ್ದ ವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ ಅವರಿಗೆ ಕಾಗದ ಬರೆದ. ಬದುಕು ಅಂದರೇನು, ಸಾವು ಅಂದರೇನು, ಚಿಕ್ಕ ಮಕ್ಕಳು ಯಾಕೆ ಸಾಯಬೇಕು ಎಂದು ಕೇಳಿದ. ಮನೆಯಲ್ಲಿ, ಆಸ್ಪತ್ರೆಯಲ್ಲಿ ಯಾರೂ ನೇರ ಉತ್ತರ ಕೊಡದ ಪ್ರಶ್ನೆಗಳು. ಆಕೆ ಉತ್ತರಿಸಿದರು. ಮಗಳ ಬಣ್ಣದ ಪೆನ್ನುಗಳನ್ನು ತೆಗೆದುಕೊಂಡು, ಚಿತ್ರ ಬರೆದು, ಒಂದು ಪುಟ್ಟ ಪುಸ್ತಕವನ್ನೇ ಮಾಡಿ ಕಳಿಸಿದರು. ಮುಂದೆ ಡಗಿ ಚಿಕಿತ್ಸೆಗೆ ಪೋರ್ಟ್‌ಲ್ಯಾಂಡ್‌ಗೆ ಬಂದಾಗ, ಅಲ್ಲಿದ್ದ ನರ್ಸ್ ಬೆವರ್ಲಿ ಚಾಪೆಲ್ ಅವರಿಗೆ ಅವನನ್ನು ನೋಡಿಕೊಳ್ಳಲು ಕ್ಯೂಬ್ಲರ್ ರಾಸ್ ಹೇಳಿದರು.

ಬೆವರ್ಲಿ ಆಸ್ಪತ್ರೆಯಲ್ಲಿ ಒಂದು ಸಂಗತಿ ಕಂಡರು. ದೊಡ್ಡವರು ಬಾಗಿಲ ಹೊರಗೆ ಪಿಸುಗುಟ್ಟುತ್ತಿದ್ದರೆ, ಒಳಗೆ ಡಗಿಯೂ ಬೇರೆ ಮಕ್ಕಳೂ ಕಾಯಿಲೆ, ಸಾವು ಎಲ್ಲವನ್ನೂ ಬಿಚ್ಚಿ ಮಾತಾಡಿಕೊಳ್ಳುತ್ತಿದ್ದರು. ಒಬ್ಬರ ಸಂಕಟ ಇನ್ನೊಬ್ಬರಿಗೆ ವಿವರಿಸದೆಯೇ ತಿಳಿಯುತ್ತಿತ್ತು. 1981ರ ಡಿಸೆಂಬರಿನಲ್ಲಿ, ಹದಿಮೂರನೇ ವಯಸ್ಸಿಗೆ ಡಗಿ ತೀರಿಕೊಂಡ. ಮರುವರ್ಷ ಬೆವರ್ಲಿ, ಸಾವು ಕಂಡ ಮನೆಗಳ ನಾಲ್ವರು ಹುಡುಗರನ್ನು ತಮ್ಮ ಮನೆಗೆ ಕರೆದು ಒಟ್ಟಿಗೆ ಕೂರಿಸಿದರು. ಅಲ್ಲಿಂದ ಶುರುವಾದದ್ದು ಇವತ್ತು ಅನೇಕ ದೇಶಗಳ ನೂರಾರು ಕೇಂದ್ರಗಳಿಗೆ ಮಾದರಿ.

ಒಂದು ಸಂಜೆ ಅಲ್ಲಿ ಏನು ನಡೆಯುತ್ತದೆ ಎಂದು ಕೇಳಿದರೆ ಉತ್ತರ ತುಂಬ ಸರಳ. ವಯಸ್ಸಿಗೆ ತಕ್ಕಂತೆ ಗುಂಪು ಮಾಡಿದ ಮಕ್ಕಳು ವೃತ್ತವಾಗಿ ಕೂರುತ್ತಾರೆ. ಒಂದು ಕೋಲು ಕೈಯಿಂದ ಕೈಗೆ ದಾಟುತ್ತದೆ. ಕೋಲು ಯಾರ ಕೈಯಲ್ಲಿದೆಯೋ ಅವರು ತಮ್ಮ ಹೆಸರು ಹೇಳಿ, ಯಾರು ಸತ್ತರು, ಹೇಗೆ ಸತ್ತರು ಎಂದು ಹೇಳಬಹುದು. ಮನಸ್ಸಿಲ್ಲದಿದ್ದರೆ ‘ಪಾಸ್’ ಅನ್ನಬಹುದು. ವಾರಗಟ್ಟಲೆ ಪಾಸ್ ಅಂದರೂ ಯಾರೂ ಒತ್ತಾಯ ಮಾಡುವುದಿಲ್ಲ. ಆಮೇಲೆ ಆಟ. ಪಕ್ಕದ ಕೋಣೆಯಲ್ಲಿ ಅದೇ ಹೊತ್ತಿಗೆ ಅಮ್ಮಂದಿರು, ಅಪ್ಪಂದಿರು, ಅಜ್ಜಿಯರು ಕೂಡ ತಮ್ಮದೇ ವೃತ್ತದಲ್ಲಿ ಕೂತಿರುತ್ತಾರೆ. ತರಬೇತಿ ಪಡೆದ ಸ್ವಯಂಸೇವಕರು ಮಕ್ಕಳ ಜೊತೆ ಇರುತ್ತಾರೆ. ಅವರಿಗೆ ಮೊದಲು ಕಲಿಸುವ ಪಾಠ, ಬುದ್ಧಿ ಹೇಳಬೇಡ. ‘ಎಲ್ಲ ಸರಿಹೋಗುತ್ತೆ’ ಎನ್ನಬೇಡ. ಮಗು ಹೇಳಿದ್ದನ್ನು ಕೇಳು, ಅದರ ಮಾತಿನಲ್ಲೇ ತಿರುಗಿ ಹೇಳು, ಪಕ್ಕದಲ್ಲಿರು.

ಇದರ ಹಿಂದೆ ಮಗುವಿನ ಮನಸ್ಸಿನ ಬಗ್ಗೆ ಒಂದು ತಿಳಿವಳಿಕೆ ಇದೆ. ಐದರೊಳಗಿನ ಮಗುವಿಗೆ ಸಾವೆಂದರೆ ತಿರುಗಿ ಬಾರದ್ದು ಎಂಬ ಅರಿವು ಇನ್ನೂ ಮೂಡಿರುವುದಿಲ್ಲ. ‘ಅಪ್ಪ ಊರಿಗೆ ಹೋಗಿದಾರೆ’ ಎಂದರೆ ಅದು ಬಾಗಿಲು ಕಾಯುತ್ತದೆ. ‘ಮಲಗಿದಾರೆ’ ಎಂದರೆ ತಾನು ಮಲಗಲು ಹೆದರುತ್ತದೆ. ಸ್ವಲ್ಪ ದೊಡ್ಡ ಮಗು, ನಾನು ಅವತ್ತು ಹಟ ಮಾಡಿದ್ದಕ್ಕೇ ಹೀಗಾಯಿತು ಎಂದು ಒಳಗೊಳಗೇ ತಪ್ಪನ್ನು ತಲೆಗೆ ಕಟ್ಟಿಕೊಳ್ಳುತ್ತದೆ. ಯಾರಿಗೂ ಹೇಳುವುದಿಲ್ಲ. ಮಕ್ಕಳು ದೊಡ್ಡವರ ಹಾಗೆ ಗಂಟೆಗಟ್ಟಲೆ ದುಃಖದಲ್ಲಿ ಕೂರಲಾರರು. ಒಂದು ಗಳಿಗೆ ಅತ್ತು, ಮರುಗಳಿಗೆ ಓಡಿಹೋಗಿ ಗೋಲಿ ಆಡುತ್ತಾರೆ. ಅದನ್ನು ನೋಡಿ ನಾವು ‘ಪಾಪ, ಅದಕ್ಕೇನು ಗೊತ್ತಾಗತ್ತೆ’ ಅನ್ನುತ್ತೇವೆ. ಗೊತ್ತಾಗಿರುತ್ತದೆ. ಆಡುವುದೇ ಅದರ ದಾರಿ.

ಅಶಿನಾಗಾದವರು ಇದನ್ನೆಲ್ಲ ಕಲಿತು ಬಂದು, ಭೂಕಂಪವಾದ ನಾಲ್ಕು ವರ್ಷಕ್ಕೆ, 1999ರ ಜನವರಿಯಲ್ಲಿ ಕೋಬೆಯಲ್ಲಿ ಒಂದು ಮನೆ ತೆರೆದರು. ಕಪ್ಪು ಮಳೆಬಿಲ್ಲಿನ ಆ ಚಿತ್ರವನ್ನು ನೆನೆದು ಅದಕ್ಕೆ ‘ಮಳೆಬಿಲ್ಲಿನ ಮನೆ’ ಎಂದೇ ಹೆಸರಿಟ್ಟರು. ಅಲ್ಲಿ ಮಾತಾಡುವ ಕೋಣೆ ಇದೆ, ಆಡುವ ಕೋಣೆ ಇದೆ. ಡಗಿ ಸೆಂಟರಿನಿಂದ ಕಲಿತ ಇನ್ನೊಂದು ಕೋಣೆಯೂ ಇದೆ, ಅದರ ಹೆಸರು ‘ಜ್ವಾಲಾಮುಖಿ ಕೋಣೆ’. ಗೋಡೆಗೂ ನೆಲಕ್ಕೂ ಮೆತ್ತೆ ಹೊದಿಸಿದ್ದಾರೆ. ಸೂರಿನಿಂದ ಗುದ್ದುವ ಚೀಲ ತೂಗುಬಿದ್ದಿದೆ. ಮಗು ಅಲ್ಲಿಗೆ ಹೋಗಿ ಗುದ್ದಬಹುದು, ಒದೆಯಬಹುದು, ಕಿರುಚಬಹುದು, ದಿಂಬು ಎಸೆಯಬಹುದು. ತನಗೂ ಬೇರೆಯವರಿಗೂ ಪೆಟ್ಟಾಗಬಾರದು, ಅಷ್ಟೇ. ಸಾವು ಮಕ್ಕಳಲ್ಲಿ ಕಣ್ಣೀರಿನಷ್ಟೇ ಸಿಟ್ಟನ್ನೂ ತುಂಬುತ್ತದೆ: ಬಿಟ್ಟುಹೋದ ಅಪ್ಪನ ಮೇಲೆ, ಉಳಿದ ಅಮ್ಮನ ಮೇಲೆ, ದೇವರ ಮೇಲೆ, ಅಪ್ಪನ ಕೈ ಹಿಡಿದು ಶಾಲೆಗೆ ಬರುವ ಗೆಳೆಯನ ಮೇಲೆ. ಆ ಕೋಣೆಯ ವಿವರ ಓದಿದಾಗ ನನಗೆ ಗೋಡೆಯ ಸುಣ್ಣ ಕೆರೆಯುತ್ತಿದ್ದ ಆ ಬೆರಳುಗಳು ಕಣ್ಣ ಮುಂದೆ ಬಂದವು. ಅವನಿಗೂ ಗುದ್ದಲು ಒಂದು ಗೋಡೆ ಬೇಕಿತ್ತು. ನಮ್ಮೂರಿನಲ್ಲಿ ಅವನಿಗೆ ಸಿಕ್ಕಿದ್ದು ಉಗುರಿನಷ್ಟು ಜಾಗ.

ಈ ಮಕ್ಕಳಲ್ಲೇ ಇನ್ನೂ ಆಳದ ಮೌನದಲ್ಲಿ ಸಿಕ್ಕವರಿದ್ದರು. ಆರ್ಥಿಕ ಕುಸಿತದ ಏಟಿಗೆ ಜಪಾನಿನಲ್ಲಿ 1998ರಲ್ಲಿ ಆತ್ಮಹತ್ಯೆಗಳ ಸಂಖ್ಯೆ ಮೊದಲ ಬಾರಿಗೆ 30 ಸಾವಿರ ದಾಟಿತು. ಅವರಲ್ಲಿ ಕೆಲಸ ಕಳೆದುಕೊಂಡ, ಸಾಲದಲ್ಲಿ ಮುಳುಗಿದ ನಡುವಯಸ್ಸಿನ ಗಂಡಸರು ಬಹಳ. ಅವರ ಮಕ್ಕಳು ಅಪ್ಪ ಹೇಗೆ ಸತ್ತರು ಎಂದು ಯಾರಾದರೂ ಕೇಳಿದರೆ ‘ಹಾರ್ಟ್ ಅಟ್ಯಾಕ್’ ಎಂದೋ ‘ಆ್ಯಕ್ಸಿಡೆಂಟ್’ ಎಂದೋ ಹೇಳಬೇಕಿತ್ತು. ನಮ್ಮಲ್ಲೂ ಹಾಗೇ ಅಲ್ಲವೇ? ಅಶಿನಾಗಾದ ನೆರವಿನಲ್ಲಿ ಓದುತ್ತಿದ್ದ ಕೆಲವು ವಿದ್ಯಾರ್ಥಿಗಳು 2000ನೇ ಇಸವಿಯಲ್ಲಿ ತಮ್ಮ ಅನುಭವ ಬರೆದು ಒಂದು ಪುಸ್ತಿಕೆ ಮಾಡಿದರು. ಆತ್ಮಹತ್ಯೆ ಎಂದು ಬಾಯಿಬಿಟ್ಟು ಹೇಳಲಾಗದು ಎಂಬುದೇ ಅದರ ಹೆಸರಿನ ಅರ್ಥ. ಮರುವರ್ಷ ಅವರು ಪ್ರಧಾನಿ ಕೊಯಿಜುಮಿ ಅವರನ್ನು ಭೇಟಿಯಾಗಿ ತಮ್ಮ ಮನೆಗಳ ಕತೆ ಹೇಳಿದರು. 2002ರಲ್ಲಿ ಅದು ದೊಡ್ಡ ಪುಸ್ತಕವಾದಾಗ ಕೆಲವರು ಮುಖ ಮುಚ್ಚಿಕೊಳ್ಳದೆ, ಸ್ವಂತ ಹೆಸರಿನಲ್ಲಿ ಮುಂದೆ ಬಂದರು. ನಾಲ್ಕು ವರ್ಷದ ಮೇಲೆ, 2006ರಲ್ಲಿ, ಆತ್ಮಹತ್ಯೆ ತಡೆಯುವುದು ಸರ್ಕಾರದ ಹೊಣೆ ಎನ್ನುವ ಕಾಯ್ದೆ ಜಪಾನಿನಲ್ಲಿ ಬಂತು. ಅದಕ್ಕೆ ಹೋರಾಡಿದವರು ಅನೇಕರು. ಮೊದಲು ಬಾಯಿ ತೆರೆದವರಲ್ಲಿ ಈ ಮಕ್ಕಳಿದ್ದರು.

2011ರ ಮಾರ್ಚ್ 11ರಂದು ತೊಹೊಕು ತೀರಕ್ಕೆ ಸುನಾಮಿ ಅಪ್ಪಳಿಸಿದಾಗ ಕೋಬೆಯ ಮಕ್ಕಳು ಬೆಳೆದು ದೊಡ್ಡವರಾಗಿದ್ದರು. ಅವರಲ್ಲಿ ಕೆಲವರು ಉತ್ತರಕ್ಕೆ ಹೋಗಿ, ಅಪ್ಪ ಅಮ್ಮ ಕಡಲಿನಲ್ಲಿ ಕೊಚ್ಚಿಹೋದ ಮಕ್ಕಳ ಜೊತೆ ನೆಲದ ಮೇಲೆ ಕೂತರು. ಹದಿನಾರು ವರ್ಷದ ಹಿಂದೆ ತಮ್ಮ ಪಕ್ಕ ಕೂತವರನ್ನು ಅವರು ಮರೆತಿರಲಿಲ್ಲ. 2014ರಲ್ಲಿ ಸೆಂಡಾಯ್, ಇಶಿನೊಮಾಕಿ, ರಿಕುಜೆನ್‌ತಕಾತಾ ಊರುಗಳಲ್ಲಿ ಮಳೆಬಿಲ್ಲಿನ ಮನೆಗಳು ತೆರೆದವು. ಅದಕ್ಕೂ ಮುಂಚೆ, 2003ರಲ್ಲೇ, ಏಡ್ಸ್‌ನಿಂದ ಅನಾಥರಾದ ಮಕ್ಕಳಿಗಾಗಿ ಆಫ್ರಿಕದ ಉಗಾಂಡದಲ್ಲಿ ಒಂದು ತೆರೆದಿತ್ತು. ತಮಾಯಿ ಹೆಂಡತಿಯನ್ನೂ ಕ್ಯಾನ್ಸರಿಗೆ ಕಳೆದುಕೊಂಡರು, ಆದರೆ ಕೆಲಸ ಬಿಡಲಿಲ್ಲ. 2025ರ ಜುಲೈನಲ್ಲಿ, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಅವರು ಹಚ್ಚಿದ ಚಳವಳಿಯಿಂದ ಓದಿದ ಮಕ್ಕಳು ಒಂದು ಲಕ್ಷ ದಾಟಿದ್ದರು.

ಇನ್ನು ನಮ್ಮ ಮನೆಯ ಮಾತು. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ 18ರಿಂದ 45 ವರ್ಷದವರು, ಎಂದರೆ ಶಾಲೆಗೆ ಹೋಗುವ ಮಕ್ಕಳಿರುವ ವಯಸ್ಸಿನವರು. ಅದೇ ವರ್ಷ ಆತ್ಮಹತ್ಯೆ ಮಾಡಿಕೊಂಡವರು 1,70,924. ನಮ್ಮ ಸರ್ಕಾರಗಳು ಕೈಕಟ್ಟಿ ಕೂತಿಲ್ಲ ಎಂಬುದನ್ನೂ ಹೇಳಬೇಕು. ಕರ್ನಾಟಕದಲ್ಲಿ ರೈತ ಆತ್ಮಹತ್ಯೆ ಮಾಡಿಕೊಂಡರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಇದೆ. ಕೋವಿಡ್‌ನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲ ಸೇವಾ ಯೋಜನೆ 2021ರಲ್ಲಿ ಬಂತು. ಕೇಂದ್ರವೂ ಅಂಥ ಮಕ್ಕಳಿಗೆ 23 ವರ್ಷ ತುಂಬುವಾಗ 10 ಲಕ್ಷ ಸಿಗುವ ಏರ್ಪಾಡು ಮಾಡಿತು. ಇವೆಲ್ಲ ಬೇಕಾದವೇ. ಆದರೆ ಪರಿಹಾರದ ಕಡತದಲ್ಲಿ ಪಹಣಿ, ಸಾಲದ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿಗಳ ನಡುವೆ ಮಗುವಿನ ಹೆಸರು ಬರುವುದು ವಂಶವೃಕ್ಷದ ಕಾಗದದಲ್ಲಿ ಮಾತ್ರ. ಆ ಮಗು ರಾತ್ರಿ ನಿದ್ದೆ ಮಾಡುತ್ತಿದೆಯೇ, ಅಪ್ಪ ನೇಣು ಹಾಕಿಕೊಂಡದ್ದನ್ನು ಮೊದಲು ಕಂಡದ್ದು ಅದೇ ಏನು, ಶಾಲೆಯಲ್ಲಿ ಯಾರಾದರೂ ಅದರ ಪಕ್ಕ ಕೂರುತ್ತಾರೆಯೇ ಎಂದು ಕೇಳುವ ಕಾಲಂ ಆ ಅರ್ಜಿಯಲ್ಲಿ ಇಲ್ಲ.

ಕೋಬೆಯಂಥ ಮನೆ ಕಟ್ಟಲು ಹಣ ಬೇಕು, ನಿಜ. ಆದರೆ ಬೆವರ್ಲಿ ಶುರು ಮಾಡಿದ್ದು ತಮ್ಮ ಮನೆಯಲ್ಲಿ, ನಾಲ್ಕು ಹುಡುಗರ ಜೊತೆ. ಪ್ರತಿ ತಾಲ್ಲೂಕಿನಲ್ಲೂ ಶಾಲೆಗಳಿವೆ, ಊರೂರಿಗೆ ಅಂಗನವಾಡಿ, ಆಶಾ ಕಾರ್ಯಕರ್ತೆಯರಿದ್ದಾರೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಖಾಲಿ ಕ್ಲಾಸ್‌ರೂಮಿನಲ್ಲಿ, ಸಾವು ಕಂಡ ಮನೆಯ ಎಂಟು ಹತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಲು ಕಟ್ಟಡ ಕಟ್ಟಬೇಕಾಗಿಲ್ಲ. ಸುಮ್ಮನೆ ಕೂತು ಕೇಳುವುದನ್ನು ಕಲಿತ ಇಬ್ಬರು ಬೇಕು, ಅವರಿಗೆ ಕಲಿಸುವವರು ಬೇಕು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವೂ ಶಿಕ್ಷಣ ಇಲಾಖೆಯೂ ಮನಸ್ಸು ಮಾಡಿದರೆ ಇದು ಈ ವರ್ಷವೇ ಆಗುವ ಕೆಲಸ.

ಅಲ್ಲಿಯವರೆಗೆ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಯಾರದಾದರೂ ಮನೆಗೆ ಮಾತಾಡಿಸಿಕೊಂಡು ಬರಲು ಹೋದಾಗ, ನಡುಮನೆಯಲ್ಲಿ ಹಿರಿಯರನ್ನು ಕಂಡಾದ ಮೇಲೆ ಹಿತ್ತಿಲ ಕಡೆಗೂ ಒಮ್ಮೆ ಹೋಗಿ. ಅಲ್ಲಿ ಮಗು ಇದ್ದರೆ ಪಕ್ಕದಲ್ಲಿ ಕೂತುಕೊಳ್ಳಿ. ಧೈರ್ಯವಾಗಿರು ಅನ್ನಬೇಡಿ. ಅದರ ಅಪ್ಪನ ಹೆಸರು ಹೇಳಿ, ಅವರ ಬಗ್ಗೆ ನಿಮಗೆ ನೆನಪಿರುವುದನ್ನು ಒಂದು ಹೇಳಿ, ಅದು ಮಾತಾಡಿದರೆ ಕೇಳಿ. ಮಾತಾಡದಿದ್ದರೂ ಕೂಡಲೇ ಎದ್ದು ಬರಬೇಡಿ.